ತೆಗೆದದ್ದು ಮತ್ತು ತೆಗೆದಿಟ್ಟದ್ದು

ಉದ್ದವಾದದ್ದು ಯಾವುದೂ ನನಗೆ ಆಗಿಬರುವುದಿಲ್ಲ! ಉದ್ದದ ಭಾಷಣ, ಉದ್ದದ ಹರಿಕಥೆ, ಉದ್ದದ ಅರ್ಜಿ, ಯಾವುದನ್ನು ಕಂಡರೂ ನನ್ನ ಕೈ ತಾನಾಗಿ ಕತ್ತರಿ ಹುಡುಕುತ್ತದೆ. ಇದು ಹುಟ್ಟುಗುಣವಲ್ಲ, ನೌಕರಿಯ ಗುಣ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿದ್ದ ಒಂದು ಕಾರ್ಖಾನೆಯಲ್ಲಿ ನಾನು ಡಿಸ್ಪ್ಯಾಚ್ ಗುಮಾಸ್ತನಾಗಿದ್ದೆ. ಅಲ್ಲಿಂದ ಹೊರಡುವ ಟೆಲಿಗ್ರಾಂಗಳೆಲ್ಲ ನನ್ನ ಪೆನ್ನಿನ ಕೆಳಗೆ ತಲೆಬಾಗಿಯೇ ಹೋಗಬೇಕು. ಮ್ಯಾನೇಜರ್ ಸಾಹೇಬರು ಇಪ್ಪತ್ತೈದು ಪದ ಬರೆದುಕೊಟ್ಟರೆ ಆರಕ್ಕೆ ಇಳಿಸುತ್ತಿದ್ದೆ. "ಜಯಸಿಂಹನ ಕೈಗೆ ಇಡೀ ಪುರಾಣ ಕೊಟ್ರೂ ಪೋಸ್ಟ್‌ಕಾರ್ಡಲ್ಲಿ ಬರೆದು ವಾಪಸ್ ಕೊಡ್ತಾನೆ ಕಣ್ರೀ" ಎಂದು ಆಫೀಸಿನಲ್ಲಿ ಮಾತಿತ್ತು. ಆ ಮಾತು ಕಿವಿಗೆ ಬಿದ್ದ ದಿನ ನಾನು ಎರಡು ದೋಸೆ ಹೆಚ್ಚಿಗೆ ತಿನ್ನುತ್ತಿದ್ದೆ.

ಮನೆಯ ಟೆಲಿಗ್ರಾಂಗಳೂ ನನ್ನ ಪಾಲಿಗೇ ಬರುತ್ತಿದ್ದವು. ೧೯೭೧ರಲ್ಲಿ ನನ್ನ ಹೆಂಡತಿಯ ಅಣ್ಣ ಉಪೇಂದ್ರ ಕಾಮಾಲೆಯಾಗಿ ಮೂರೇ ದಿನದಲ್ಲಿ ತೀರಿಕೊಂಡರು. ಅವರ ಹೆಂಡತಿ ಪುಟ್ಟಲಕ್ಷ್ಮಿ ಆಗ ಗೌರಿಬಿದನೂರಿನ ತವರಿಗೆ ಹೋಗಿದ್ದರು. ಟೆಲಿಗ್ರಾಂ ಕೊಟ್ಟವನು ನಾನು. "ಉಪೇಂದ್ರ ಎಕ್ಸ್‌ಪೈರ್ಡ್ ಸ್ಟಾರ್ಟ್." ತೀರಿಕೊಂಡರು, ಹೊರಡಿ ಎನ್ನುವುದಕ್ಕೆ ಮೂರೇ ಪದ! ಕೌಂಟರಿನಲ್ಲಿದ್ದವರು, "ಇನ್ನೂ ನಾಲ್ಕೈದು ಪದ ಹಾಕ್ಬಹುದು ಸಾರ್, ಚಾರ್ಜು ಅಷ್ಟೇ" ಅಂದರು. "ಬೇಡ, ಇಷ್ಟು ಸಾಕು" ಎಂದೆ. ಅಳುವ ಹೊತ್ತಿನಲ್ಲೂ ಶಿಸ್ತು ಬಿಡಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದ್ದೆ. ನೋಡಿ, ಎಂಥ ಮಹಾನುಭಾವನ ಕಥೆ ಓದುತ್ತಿದ್ದೀರಿ!

ನನ್ನ ಹೆಸರು ಜಯಸಿಂಹ, ಹೆಂಡತಿಯ ಹೆಸರು ಜಯಾ. ಮದುವೆಯಾದ ದಿನವೇ ನನ್ನ ಹೆಸರಿನ ಜಯ ಅವಳ ಪಾಲಾಯಿತು. ನನಗೆ ಉಳಿದದ್ದು ಬರೀ ಸಿಂಹ, ಅದೂ ಸರ್ಕಸ್ಸಿನದು. ವಾಸ ಆರ್.ಟಿ. ನಗರದಲ್ಲಿ, ಬಾಡಿಗೆ ಮನೆ.

ನಮ್ಮ ಕಾರ್ಖಾನೆಯ ಮನರಂಜನಾ ಸಂಘಕ್ಕೆ ಹದಿನಾರು ಮಿಲಿಮೀಟರಿನ ಒಂದು ಪ್ರೊಜೆಕ್ಟರ್ ಇತ್ತು. ಅದನ್ನು ಓಡಿಸುತ್ತಿದ್ದವನು ಜಕ್ಕೂರಿನ ಮುನಿಯಣ್ಣ. ವಾರವೆಲ್ಲ ಲೇತ್ ಮಷೀನು, ಶನಿವಾರ ಸಂಜೆ ಕ್ಯಾಂಟೀನ್ ಹಾಲಿನಲ್ಲಿ ಸಿನಿಮಾ. ಸಂಘದ ಕಾರ್ಯದರ್ಶಿ ಈ ಬಡಪಾಯಿ. ೧೯೮೧ರಲ್ಲಿ ಗಾಂಧಿನಗರದ ಹಳೆಯ ವಿತರಕರೊಬ್ಬರು ಅಂಗಡಿ ಮುಚ್ಚುವಾಗ ನಮ್ಮ ಸಂಘಕ್ಕೊಂದು ಪ್ರಿಂಟು ದಾನ ಮಾಡಿದರು. 'ಏಳು ಕಣಿವೆಯ ನಿಧಿ', ಕಪ್ಪು ಬಿಳುಪಿನ ಸಾಹಸ ಚಿತ್ರ. "ಬೇರೆ ಪ್ರಿಂಟು ಎಲ್ಲೂ ಉಳಿದಿಲ್ಲ, ಜೋಪಾನ" ಅಂದರು. ನೋಡಿದ ಮೇಲೆ ಯಾಕೆ ಉಳಿದಿಲ್ಲ ಎಂದು ತಿಳಿಯಿತು.

ಮೂರು ಗಂಟೆ ಇಪ್ಪತ್ತು ನಿಮಿಷ! ಇಂಟರ್‌ವಲ್ ಬಂದರೂ ನಾಯಕ ನಿಧಿ ಹುಡುಕಲು ಮನೆಯ ಹೊಸ್ತಿಲು ದಾಟಿರುವುದಿಲ್ಲ. ತಾಯಿಗೆ ನಮಸ್ಕಾರ ಮಾಡುವುದಕ್ಕೇ ಹದಿನೆಂಟು ನಿಮಿಷ. ಆಮೇಲೆ ಏಳು ಕಣಿವೆ, ಒಂದೊಂದಕ್ಕೂ ಒಂದೊಂದು ಹಾಡು. ಏಳೂ ಒಂದೇ ಕಲ್ಲುಗಣಿ ಎಂದು ಮುನಿಯಣ್ಣ ಮೊದಲನೇ ಕಣಿವೆಯಲ್ಲೇ ಹೇಳಿಬಿಟ್ಟ. ಕಥೆ ನಡೆಯುವುದು ನಾನೂರು ವರ್ಷದ ಹಿಂದೆ. ಐದನೇ ಕಣಿವೆಯಲ್ಲಿ ರಾಜಕುಮಾರ ಕತ್ತಿ ಎತ್ತಿ ಪ್ರತಿಜ್ಞೆ ಮಾಡುವಾಗ ಅವನ ಕಿರೀಟದ ಮೇಲೆ ಜಕ್ಕೂರು ಫ್ಲೈಯಿಂಗ್ ಕ್ಲಬ್ಬಿನ ವಿಮಾನ ಒಂದು ಸುತ್ತು ಹಾಕಿ ಹೋಗುತ್ತದೆ!

ಮನೆಗೆ ಬಂದವನೇ ಘೋಷಿಸಿದೆ. "ಜಯಾ, ಈ ಚಿತ್ರವನ್ನು ಒಂದೂವರೆ ಗಂಟೆಗೆ ಇಳಿಸಿ ಲೋಕಕ್ಕೆ ತೋರಿಸದಿದ್ದರೆ ನನ್ನ ಹೆಸರು ಜಯಸಿಂಹನೇ ಅಲ್ಲ!"

"ಯಾವ ಚಿತ್ರ?" ಎಂದು ಒಳಗಿನಿಂದ ಕೇಳಿದಳು.

"ಏಳು ಕಣಿವೆಯ ನಿಧಿ."

ಅಡುಗೆಮನೆಯಲ್ಲಿ ಏನೋ ಠಣ್ ಎಂದು ಬಿತ್ತು. ಜಯಾ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ರೀ, ಅದ್ರಲ್ಲಿ ನಮ್ಮಣ್ಣ ಇದಾನೆ!"

ಉಪೇಂದ್ರ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಜಕ್ಕೂರು ಕೆರೆಯ ಏರಿಯ ಮೇಲೆ ಶೂಟಿಂಗ್ ನಡೆದಾಗ ಸೈನಿಕರು ಸಾಲದೆ, ಕ್ಲಬ್ಬಿನ ಹತ್ತು ಜನರಿಗೆ ಕಂಬಳಿ ಹೊದಿಸಿ, ಕೈಗೆ ಪಂಜು ಕೊಟ್ಟು ನಡೆಸಿದ್ದರಂತೆ. ಚಿತ್ರ ಬಿಡುಗಡೆಯಾದಾಗ ಅವರಿಗೆ ಹೊಸದಾಗಿ ಮದುವೆಯಾಗಿತ್ತು. ಜಯಾ ಸ್ನೇಹಿತೆಯರ ಜೊತೆ ಮೊದಲ ಭಾನುವಾರವೇ ನೋಡಿ ಬಂದಿದ್ದಳು. ಪುಟ್ಟಲಕ್ಷ್ಮಿ ಅತ್ತಿಗೆಗೆ ಮಾತ್ರ ಗಂಡ, "ಎರಡನೇ ವಾರ ಜನ ಕಡ್ಮೆ ಆಗ್ತಾರೆ, ಆರಾಮಾಗಿ ಹೋಗೋಣ" ಅಂದಿದ್ದರಂತೆ. ಎರಡನೇ ವಾರವೇ ಬರಲಿಲ್ಲ. ಚಿತ್ರ ಆರೇ ದಿನಕ್ಕೆ ಎತ್ತಂಗಡಿಯಾಯಿತು.

ಆಮೇಲೆ ನಾಲ್ಕು ವರ್ಷಕ್ಕೆ ಅವರೂ ಹೋದರು. ಈಗ ಅತ್ತಿಗೆ ಚಿಕ್ಕಜಾಲದ ಶಾಲೆಯಲ್ಲಿ ಹೊಲಿಗೆ ಕಲಿಸಿಕೊಂಡು ಒಬ್ಬರೇ ಇದ್ದರು. ಅವರ ಬಳಿ ಇದ್ದದ್ದು ಒಂದೇ ಒಂದು ಮದುವೆ ಫೋಟೋ. ಅದರಲ್ಲಿ ಉಪೇಂದ್ರ ಕಷಾಯ ಕುಡಿದವರ ಮುಖ ಮಾಡಿಕೊಂಡು ನೆಟ್ಟಗೆ ನಿಂತಿದ್ದಾರೆ. ನಿಜವಾಗಿ ಆ ಮನುಷ್ಯ ನಗದೆ ಒಂದು ಲೋಟ ನೀರು ಕುಡಿದವರಲ್ಲ. ಆ ನಗು ಉಳಿದಿದ್ದದ್ದು ಪ್ರಪಂಚದಲ್ಲಿ ಒಂದೇ ಕಡೆ, ನಮ್ಮ ಸಂಘದ ಬೀರುವಿನಲ್ಲಿ.

"ಅತ್ತಿಗೇನ ಕರೆಸ್ತೀನಿ" ಎಂದಳು ಜಯಾ. ಕಣ್ಣು ಆಗಲೇ ತುಂಬಿತ್ತು. "ಹದಿನಾಲ್ಕು ವರ್ಷ ಆಯ್ತು ರೀ. ಒಂದ್ಸಲನಾದ್ರೂ ನೋಡ್ಲಿ. ನೀವು ಏನ್ ಬೇಕಾದ್ರೂ ಕತ್ತರಿಸ್ಕೊಳ್ಳಿ, ನಮ್ಮಣ್ಣನ ತುಂಡು ಮಾತ್ರ ತೆಗೆದಿಡಿ."

"ತೆಗೆದಿಡ್ತೀನಿ."

"ತೆಗೆದುಬಿಟ್ಟೀರಾ ಮತ್ತೆ!"

"ತೆಗೆದುಬಿಡೋದು ಬೇರೆ, ತೆಗೆದಿಡೋದು ಬೇರೆ. ಟೆಲಿಗ್ರಾಂ ಜಯಸಿಂಹನಿಗೇ ಕನ್ನಡ ಹೇಳ್ಕೊಡ್ತೀಯಾ?"

ಮರುದಿನದಿಂದಲೇ ನಮ್ಮ ನಡುಮನೆ ಸ್ಟುಡಿಯೋ ಆಯಿತು. ಫಿಲ್ಮು ಕತ್ತರಿಸಿ ಜೋಡಿಸುವ ಪುಟ್ಟ ಯಂತ್ರವನ್ನೂ, ಅಂಟಿಸುವ ಸೀಸೆಯನ್ನೂ ಮುನಿಯಣ್ಣ ತಂದುಕೊಟ್ಟ. ಆ ಅಂಟಿಗೆ ಅವರ ಭಾಷೆಯಲ್ಲಿ ಸಿಮೆಂಟು ಎಂದು ಹೆಸರು. ನಾನು ಬಾಗಿಲಲ್ಲಿ ನಿಂತು, "ಜಯಾ, ಸಿಮೆಂಟು ಸಿಕ್ತು!" ಎಂದು ಕೂಗಿದ್ದೇ ತಪ್ಪಾಯಿತು. ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ ಅದು. ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸುತ್ತಾ ಆರು ತಿಂಗಳಿಂದ ಲಿಂಟಲ್ಲಿಗೇ ನಿಂತುಹೋಗಿದ್ದ ಬಾಗಲಕೋಟೆಯ ಗುರುಪಾದಪ್ಪನವರು ಐದು ನಿಮಿಷದಲ್ಲಿ ಹಾಜರ್.

"ಸಿಮೆಂಟ್ ಬಂದೈತಂತಲ್ರೀ ಜಯಸಿಂಹಾವರ? ನಮಗೊಂದ್ ಎರಡ ಚೀಲ ಕೊಡ್ರಲ್ಲಾ!"

ಹೆಬ್ಬೆರಳು ಗಾತ್ರದ ಸೀಸೆ ತೋರಿಸಿದೆ. ಅವರು ಅದನ್ನು ಮೂಸಿ ನೋಡಿ, ಮುಖ ಕಿವುಚಿ, ನನ್ನನ್ನೇ ಒಂದು ಥರ ನೋಡುತ್ತಾ ಹೋದರು. ಅಂದಿನಿಂದ ಮನೆಗೆ ಬರುವುದನ್ನು ಕಡಿಮೆ ಮಾಡಿದರು.

ಭಾನುವಾರದ ಮೇಲೆ ಭಾನುವಾರ ಕತ್ತರಿಸಿದೆ. ನಡುಮನೆಯ ತಂತಿಯ ಮೇಲೆ ಜಯಾಳ ಸೀರೆಗಳ ಪಕ್ಕದಲ್ಲಿ ರಾಜಕುಮಾರ ಕ್ಲಿಪ್ಪು ಹಾಕಿಸಿಕೊಂಡು ನೇತಾಡಿದ. ಮಂತ್ರವಾದಿಯನ್ನು ಲಂಗದ ಪಕ್ಕಕ್ಕೆ ಹಾಕಿದ್ದಕ್ಕೆ ಒಂದು ದಿನ ಊಟ ತಡವಾಯಿತು.

"ರೀ, ಇದು ಬಟ್ಟೆ ಒಣಗಿಸೋ ತಂತಿ!"

"ನನ್ನದೂ ತಂತಿ ಕೆಲಸವೇ ಕಣೇ!"

ತಾಯಿಯ ಬೀಳ್ಕೊಡುಗೆಯನ್ನು ಹದಿನೆಂಟು ನಿಮಿಷದಿಂದ ನಲವತ್ತು ಸೆಕೆಂಡಿಗೆ ತಂದೆ. ಆರು ಹಾಡು ಹಾರಿಸಿದೆ. ಆದರೆ ಈ ಫಿಲ್ಮಿನಲ್ಲಿ ಒಂದು ಕುತಂತ್ರವಿದೆ. ಶಬ್ದವನ್ನು ಚಿತ್ರಕ್ಕಿಂತ ಒಂದು ಸೆಕೆಂಡು ಮುಂದೆ ಅಚ್ಚು ಹಾಕಿರುತ್ತಾರೆ. ಚಿತ್ರ ಕತ್ತರಿಸಿದರೂ ಹೋದ ದೃಶ್ಯದ ಮೊದಲ ಮಾತು ಹಿಂದೆಯೇ ಉಳಿದು, ಮುಂದೆ ಬರುವವರ ಬಾಯಿಗೆ ಬೀಳುತ್ತದೆ. ನಮ್ಮ ಪರಿಷ್ಕೃತ ಆವೃತ್ತಿಯಲ್ಲಿ ತಾಯಿಯ ಬದಲು ಕುದುರೆಯೇ "ಮಗನೇ!" ಎಂದು ಕೂಗಿತು. "ಕುದುರೆನೇ ತಾಯಿಗಿಂತ ಚೆನ್ನಾಗ್ ಮಾಡೈತೆ ಸಾ" ಎಂದು ಮುನಿಯಣ್ಣ ಮೆಚ್ಚಿಕೊಂಡ.

ಕೊನೆಗೆ ಕೆರೆ ಏರಿಯ ದೃಶ್ಯ ಬಂತು. ಭಯಂಕರ ಮೌನ. ಸೈನಿಕರು ಸಾಲಾಗಿ ಸಾವಿನ ಬಾಯಿಗೆ ನಡೆಯುತ್ತಿದ್ದಾರೆ. ಒಬ್ಬ, ಇಬ್ಬರು, ಮೂವರು, ಎಲ್ಲರ ಬಲಗೈಯಲ್ಲೂ ಪಂಜು. ನಾಲ್ಕನೆಯವರು ಉಪೇಂದ್ರ. ಪಂಜು ಎಡಗೈಯಲ್ಲಿ! ಎಲ್ಲರೂ ಮುಂದೆ ನೋಡುತ್ತಿದ್ದರೆ ಇವರು ಕತ್ತು ಹೊರಳಿಸಿ ಸೀದಾ ಕ್ಯಾಮೆರಾ ನೋಡಿ, ಬಾಯಿತುಂಬಾ ನಕ್ಕುಬಿಡುತ್ತಾರೆ! ಒಂಬತ್ತು ಸೆಕೆಂಡು.

ನಾನು ಅದನ್ನು ಬೆಳಕಿಗೆ ಹಿಡಿದು ಎಷ್ಟು ಸಲ ನೋಡಿದೆನೋ. ಭಾವನೆಂಬ ಪ್ರೀತಿ ಒಂದು ಕಡೆ, ಎಡಿಟರ್ ಎಂಬ ಹೊಸ ಕೋಡು ಇನ್ನೊಂದು ಕಡೆ. ಸಾಯಲು ಹೊರಟ ಸೈನಿಕ ನಗುತ್ತಾನೆಯೇ? ದೃಶ್ಯದ ಮಾನ ಹೋಗುವುದಿಲ್ಲವೇ? ಜಯಾ ಏನು ಹೇಳಿದ್ದಳು? 'ತೆಗೆದಿಡಿ.' ಸರಿ, ತೆಗೆದು ಇಡೋಣ! ಚಿತ್ರದಿಂದ ತೆಗೆದು ಬೇರೆ ಇಟ್ಟು, ಚಿತ್ರ ಮುಗಿದ ಮೇಲೆ ವಿಶೇಷ ಪ್ರದರ್ಶನವೆಂದು ತೋರಿಸಿದರೆ ಅತ್ತಿಗೆಗೂ ಗೌರವ, ಚಿತ್ರಕ್ಕೂ ಬಿಗಿ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಕತ್ತರಿಸಿದೆ. ಸುತ್ತಿದರೆ ಒಂದು ಬಳೆಯಷ್ಟು ಸುರುಳಿಯಾಯಿತು.

ಜಯಾಳ ಎರಡು ಬಿಸ್ಕತ್ತಿನ ಟಿನ್ನುಗಳನ್ನು ವಶಪಡಿಸಿಕೊಂಡಿದ್ದೆ. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಎಸೆಯಬೇಕಾದ ತುಂಡುಗಳು ಒಂದರಲ್ಲಿ. ಮನಸ್ಸು ಒಪ್ಪದೆ ಉಳಿಸಿಕೊಂಡ ಸೂರ್ಯಾಸ್ತ, ಜಲಪಾತ ಮತ್ತು ಎಲ್ಲದರ ಮೇಲೆ ಉಪೇಂದ್ರ ಇನ್ನೊಂದರಲ್ಲಿ. ಅನ್ನದ ಅಗುಳು ತಿಕ್ಕಿ ಚೀಟಿ ಅಂಟಿಸಿದೆ. ಮೊದಲನೆಯದಕ್ಕೆ 'ತೆಗೆದದ್ದು', ಎರಡನೆಯದಕ್ಕೆ 'ತೆಗೆದಿಟ್ಟದ್ದು'. ಎಷ್ಟು ಚುಟುಕು, ಎಷ್ಟು ಸ್ಪಷ್ಟ!

ಶುಕ್ರವಾರ ಎಲ್ಲವನ್ನೂ ಸಂಘಕ್ಕೆ ಸಾಗಿಸಿದೆ. ಯಶವಂತಪುರದ ಮಜೀದ್ ಎಂಬ ಗುಜರಿ ವ್ಯಾಪಾರಿ ಹಳೇ ಫಿಲ್ಮು ಒಯ್ಯಲು ಬರುವವನಿದ್ದ. ನನಗೆ ಆಫೀಸಿಗೆ ಹೊತ್ತಾಗಿತ್ತು. ಹೋಗುತ್ತಲೇ ಹೇಳಿದೆ: "ಮುನಿಯಣ್ಣ, ಬೇಡದ ತುಂಡೆಲ್ಲ ಡಬ್ಬದಲ್ಲಿ ತೆಗೆದಿಟ್ಟಿದೀನಿ. ಮಜೀದ್ ಬಂದ್ರೆ ಕೊಟ್ಬಿಡು. ಇನ್ನೊಂದು ಡಬ್ಬದಲ್ಲಿ ಮೇಲ್ಗಡೆ ಇರೋದು ನಾಳೆ ಕೊನೇಲಿ ಹಾಕು."

"ಆಗ್ಲಿ ಸಾ" ಅಂದ ಮುನಿಯಣ್ಣ.

ಯಾವ ಡಬ್ಬ ಎಂದು ಒಂದು ಪದ ಸೇರಿಸಿದ್ದರೆ? ಸೇರಿಸಲಿಲ್ಲ. ಅಭ್ಯಾಸಬಲ.

ಶನಿವಾರ ಸಂಜೆ ಐದು ಗಂಟೆಗೆ ಕ್ಯಾಂಟೀನ್ ಹಾಲು ಭರ್ತಿ. ಅತ್ತಿಗೆ ಚಿಕ್ಕಜಾಲದಿಂದ ಮೂರು ಗಂಟೆಯ ಬಸ್ಸಿಗೇ ಬಂದಿದ್ದರು. ಇಸ್ತ್ರಿ ಮಾಡಿದ ತಿಳಿನೀಲಿ ಸೀರೆ. ಕೈಚೀಲದಲ್ಲಿ ಹೊಸ ಕನ್ನಡಕ. ಹಳೆಯದರಲ್ಲಿ ದೂರದ್ದು ಮಂಜಾಗಿ ಕಾಣುತ್ತದೆಂದು ಇದಕ್ಕಾಗಿಯೇ ಮಾಡಿಸಿದ್ದರಂತೆ. ಜಯಾ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ ಕೈ ಹಿಡಿದುಕೊಂಡಳು.

ಚಿತ್ರ ಗೆದ್ದಿತು! ಒಂದು ಗಂಟೆ ಇಪ್ಪತ್ತೈದು ನಿಮಿಷ, ಒಬ್ಬನೂ ಬೀಡಿಗೆಂದು ಎದ್ದು ಹೋಗಲಿಲ್ಲ. ಕುದುರೆ "ಮಗನೇ!" ಎಂದಾಗ ಶಿಳ್ಳೆಯೇ ಬಿತ್ತು. ನಡುವೆ ಕೆರೆ ಏರಿಯ ದೃಶ್ಯ ಬಂದಾಗ ಜಯಾ, "ಈಗ ಅತ್ತಿಗೆ, ಈಗ" ಎಂದದ್ದು ಹಿಂದೆ ನಿಂತಿದ್ದ ನನಗೂ ಕೇಳಿಸಿತು. ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. ಒಬ್ಬ ಬಂದ, ಇಬ್ಬರು ಬಂದರು, ಮೂವರು. ಆಮೇಲೆ ಗುಹೆ! ಜಯಾ ಗರಕ್ಕನೆ ತಿರುಗಿ ನನ್ನನ್ನು ನೋಡಿದಳು. ಆ ನೋಟಕ್ಕೆ ಹಸಿ ಕಟ್ಟಿಗೆಯೂ ಹತ್ತಿಕೊಳ್ಳಬೇಕು. ನಾನು ನಗುತ್ತಾ ಕೈ ಎತ್ತಿ 'ತಾಳು' ಎಂದು ಸನ್ನೆ ಮಾಡಿದೆ.

ಚಪ್ಪಾಳೆ ಮುಗಿದ ಮೇಲೆ ಪರದೆಯ ಮುಂದೆ ಹೋಗಿ ನಿಂತೆ. ಜೀವನದಲ್ಲಿ ಮೊದಲ ಸಲ ಉದ್ದದ ಭಾಷಣ ಮಾಡಿದೆ. ಕಲೆ, ಕತ್ತರಿ, ಸಂಯಮ ಎಲ್ಲ ಆಯಿತು. "ಈಗ ನನ್ನ ಭಾವನವರ ನೆನಪಿಗೆ, ಅತ್ತಿಗೆಯವರಿಗಾಗಿ, ಒಂದು ವಿಶೇಷ ಕಾಣಿಕೆ! ಮುನಿಯಣ್ಣ, ಹಾಕು!"

ದೀಪ ಆರಿತು. ಪರದೆಯ ಮೇಲೆ ಒಂದು ಕೋಳಿ ಬಂತು.

ಅದರ ಹಿಂದೆ ಪಂಚೆ ಕಟ್ಟಿಕೊಂಡು ಹಾಸ್ಯನಟ ಬಂದ. ಕೋಳಿ ಒಲೆಯ ಮೇಲೆ ಹಾರಿತು, ಹಾಸ್ಯನಟ ಒಲೆಯೊಳಗೆ ಬಿದ್ದ. ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಎಸೆದಿದ್ದ ನಾಲ್ಕು ನಿಮಿಷದ ಕೋಳಿ ಪ್ರಸಂಗ! ನಿಲ್ಲಿಸು ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಪಕ್ಕದಲ್ಲಿದ್ದ ನನಗೆ ಅತ್ತಿಗೆಯ ಮುಖ ಕಂಡಿತು. ಅವರು ನಗುತ್ತಿರಲಿಲ್ಲ. ಕೋಳಿಯ ಹಿಂದೆ, ಗೋಡೆಯ ಹಿಂದೆ, ಓಡಿಬರುವ ಜನರ ನಡುವೆ ಒಬ್ಬೊಬ್ಬರನ್ನೇ ಹುಡುಕುತ್ತಿದ್ದರು.

"ಅವ್ರು ಎಲ್ಲಿ ಬರ್ತಾರೆ ಜಯಾ?" ಎಂದು ಕೇಳಿದರು. "ಕಾಣಿಸ್ತಾ ಇಲ್ವಲ್ಲ. ನನ್ ಕಣ್ಣೇ ಸರಿಯಿಲ್ವೇನೋ."

ಪ್ರೊಜೆಕ್ಟರ್ ಹತ್ತಿರ ಓಡಿದೆ. "ಮುನಿಯಣ್ಣ! ಏನಯ್ಯಾ ಇದು! ಆ ಇನ್ನೊಂದು ಡಬ್ಬ ಎಲ್ಲಿ?"

"ಮಜೀದ್ ಸಾಬ್ರಿಗೆ ಕೊಟ್ನಲ್ಲ ಸಾ, ನಿನ್ನೆನೇ."

"ಅದನ್ನ ಯಾಕಯ್ಯಾ ಕೊಟ್ಟೆ!"

"ನೀವೇ ಯೋಳಿದ್ರಿ ಸಾ, ಬ್ಯಾಡದ್ದು ತೆಗೆದಿಟ್ಟಿವ್ನಿ, ಕೊಡು ಅಂತ. ಎಲ್ಡು ಡಬ್ಬ ಇದ್ವು. ಓದಿ ನೋಡ್ದೆ. ಒಂದ್ರ ಮ್ಯಾಲೆ 'ತೆಗೆದಿಟ್ಟದ್ದು' ಅಂತಿತ್ತು, ಅದ್ನ ಕೊಟ್ಟೆ. ಇನ್ನೊಂದು 'ತೆಗೆದದ್ದು'. ಸಿನ್ಮಾ ತೆಗೀತಾರಲ್ಲ, ಅಂಗೆ ತೆಗೆದದ್ದು, ತೋರ್ಸಕ್ಕೆ ಅನ್ಕಂಡೆ. ನಂಗೂ ಕನ್ನಡ ಓದಕ್ಕೆ ಬರ್ತೈತೆ ಸಾ."

ಅವನ ಕನ್ನಡದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪೆಲ್ಲ ನನ್ನದರಲ್ಲಿತ್ತು.

ಸ್ಕೂಟರಿನ ಹಿಂದೆ ಮುನಿಯಣ್ಣನನ್ನು ಕೂರಿಸಿಕೊಂಡು ಯಶವಂತಪುರಕ್ಕೆ ಹೋದೆ. ದಾರಿಯುದ್ದಕ್ಕೂ ದೇವರ ಹತ್ತಿರ ಚೌಕಾಸಿ. ಇದೊಂದು ಸಿಕ್ಕರೆ ತಾಯಿಯ ಹದಿನೆಂಟು ನಿಮಿಷವನ್ನೂ ಪೂರಾ ಜೋಡಿಸುತ್ತೇನೆ, ಆರು ಹಾಡನ್ನೂ ಸೇರಿಸುತ್ತೇನೆ, ಮೂರೂವರೆ ಗಂಟೆ ಕೂತು ನೋಡುತ್ತೇನೆ!

ಮಜೀದ್ ತನ್ನ ಶೆಡ್ಡಿನ ಮುಂದೆ ಟೀ ಕುಡಿಯುತ್ತಿದ್ದ. ಹಳೆಯ ಫಿಲ್ಮನ್ನು ಬಿಸಿ ಸೋಡಾ ನೀರಿನ ಹಂಡೆಗೆ ಹಾಕಿ, ಚಿತ್ರವನ್ನೆಲ್ಲ ತೊಳೆದು ಅದರೊಳಗಿನ ಬೆಳ್ಳಿ ತೆಗೆಯುವುದು ಅವನ ಕಸುಬು. ಉಳಿದ ಬೋಳು ಪಟ್ಟಿಯನ್ನು ಬಳೆ ಮಾಡುವವರೂ ಅಂಗಿಯ ಕಾಲರ್ ಹೊಲಿಯುವವರೂ ಕೊಳ್ಳುತ್ತಿದ್ದರು. ನನ್ನ ಮಾತು ಕೇಳಿ ಅವನು ಲೋಟ ಕೆಳಗಿಟ್ಟ.

"ಬೆಳಗ್ಗೇನೇ ಹಂಡೆಗೆ ಬಿತ್ತಲ್ಲಾ ಸಾಬ್" ಅಂದ. "ಮನೆಯವ್ರದ್ದು ಅಂತ ಒಂದ್ ಮಾತು ಹೇಳಿದ್ರೆ ಮುಟ್ತಾ ಇರ್ಲಿಲ್ಲ, ಖುದಾ ಕಸಮ್."

ಹಿತ್ತಲಲ್ಲಿ ಉದ್ದನೆಯ ತಂತಿಗಳ ಮೇಲೆ ತೊಳೆದ ಪಟ್ಟಿಗಳು ಒಣಗುತ್ತಿದ್ದವು. ಶೆಡ್ಡಿನ ದೀಪದ ಬೆಳಕು ಅವುಗಳ ಮೂಲಕ ಹಾಯ್ದು ಈಚೆಗೆ ಬರುತ್ತಿತ್ತು. ಒಂದರಲ್ಲೂ ಒಂದು ಗೆರೆ ಇಲ್ಲ. ಒಂಬತ್ತು ಸೆಕೆಂಡು ಅಂದರೆ ಐದೂವರೆ ಅಡಿ. ನಾನೂ ಮುನಿಯಣ್ಣನೂ ಮೊಳ ಹಾಕಿ ಅಳೆಯುತ್ತಾ ಹೋದೆವು. ಅಷ್ಟೇ ಉದ್ದದ ಒಂದು ಸಿಕ್ಕಿತು. ಅದೇ ಹೌದೋ ಅಲ್ಲವೋ ಯಾರು ಹೇಳಬೇಕು? ಮಜೀದ್ ಅದನ್ನು ಒರೆಸಿ, ಪೇಪರಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟ. ಅಲ್ಲೇ ನಿಂತು ಅತ್ತುಬಿಟ್ಟೆ. ಮುನಿಯಣ್ಣ ಬೇರೆ ಕಡೆ ನೋಡುತ್ತಿದ್ದ.

ವಾಪಸು ಬಂದಾಗ ಕ್ಯಾಂಟೀನಿನಿಂದ ಎಲ್ಲರೂ ಹೋಗಿದ್ದರು. ಜಯಾ ಮತ್ತು ಅತ್ತಿಗೆ ಮೊದಲ ಸಾಲಿನಲ್ಲೇ ಕೂತಿದ್ದರು. ದಾರಿಯಲ್ಲಿ ಹನ್ನೆರಡು ಥರ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು, "ತೊಳೆದುಹೋಯ್ತು ಅತ್ತಿಗೆ. ನನ್ನಿಂದಲೇ."

ಜಯಾ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅತ್ತಿಗೆ ಪಟ್ಟಿಯನ್ನು ಬಿಡಿಸಿ ಟ್ಯೂಬ್‌ಲೈಟಿಗೆ ಹಿಡಿದು, ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಮೇಲೆ ಮೆಲ್ಲಗೆ ಸುತ್ತಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.

"ನೀವು ನೋಡಿದೀರಲ್ಲ?" ಎಂದರು.

"ನೋಡಿದೀನಿ. ಎಷ್ಟೋ ಸಲ."

"ಹೇಗಿತ್ತು, ಹೇಳಿ."

"ಪಂಜು ಹಿಡ್ಕೊಂಡು ನಡೀತಾರೆ. ತಿರುಗಿ ನೋಡಿ ನಗ್ತಾರೆ."

ಅತ್ತಿಗೆ ಬೆರಳು ಮಡಿಚಿ ಎಣಿಸಿದರು. "ಅವತ್ತು ಟೆಲಿಗ್ರಾಂನಲ್ಲಿ ಮೂರು ಪದ ಬರ್ದಿದ್ರಿ" ಎಂದರು. ದನಿಯಲ್ಲಿ ಕೋಪ ಇರಲಿಲ್ಲ, ಅದೇ ನನ್ನನ್ನು ಕೊಂದದ್ದು. "ಏನಾಗಿತ್ತು, ಹೇಗಾಯ್ತು, ಕೊನೇಲಿ ನನ್ನ ಕೇಳಿದ್ರಾ, ಒಂದೂ ಗೊತ್ತಾಗ್ಲಿಲ್ಲ. ಬಸ್ಸಲ್ಲಿ ಬರೋವಾಗೆಲ್ಲಾ ಆ ಕಾಗ್ದ ತಿರುಗಿಸಿ ತಿರುಗಿಸಿ ನೋಡ್ದೆ, ಹಿಂದ್ಗಡೆ ಏನಾದ್ರೂ ಬರ್ದಿದಾರೇನೋ ಅಂತ. ಇವತ್ತು ಆರು ಪದ ಆಯ್ತು. ಉದ್ದಕ್ಕೆ ಹೇಳಿ ನೋಡಣ. ನಂಗೇನೂ ಅವಸರ ಇಲ್ಲ."

ಹೇಳಲು ನನಗೆ ಬರಲಿಲ್ಲ. ಕತ್ತರಿಸಿ ಕತ್ತರಿಸಿ ಬಾಯಿಗೆ ಉದ್ದದ ಮಾತೇ ಮರೆತುಹೋಗಿತ್ತು. ಕ್ಯಾಂಟೀನಿನ ಅಡುಗೆಮನೆಗೆ ಹೋಗಿ ಸಾರಿನ ಸೌಟು ತಂದೆ. ಗೋಡೆಯ ಪಕ್ಕ ಹಾಸಿದ್ದ ಜಮಖಾನ ಹೆಗಲಿಗೆ ಹಾಕಿಕೊಂಡೆ. ಮುನಿಯಣ್ಣ ಕೇಳದೆಯೇ ಇನ್ನೊಂದು ಸೌಟು ಹಿಡಿದು ನನ್ನ ಮುಂದೆ ಮೂರನೇ ಸೈನಿಕನಾಗಿ ನಿಂತ. ನಲವತ್ತು ದಾಟಿದ, ಹೊಟ್ಟೆ ಬಂದ ಇಬ್ಬರು ಗಂಡಸರು ಸೌಟು ಎತ್ತಿಕೊಂಡು ಊಟದ ಬೆಂಚುಗಳ ನಡುವೆ ಸಾವಿನ ಬಾಯಿಗೆ ನಡೆದೆವು.

"ಎಡಗೈನಾ?" ಎಂದು ಅತ್ತಿಗೆ ಥಟ್ಟನೆ ಎದ್ದು ನಿಂತು ಕೇಳಿದರು. "ಪಂಜು ಎಡಗೈಲಿತ್ತಾ?"

"ಎಡಗೈ ಅತ್ತಿಗೆ. ಎಲ್ಲರದ್ದೂ ಬಲಗೈ, ಇವರದ್ದೊಂದೇ ಎಡಗೈ. ತಪ್ಪು ಅಂತಲೇ ನಾನು..."

"ತಪ್ಪಲ್ಲ, ಅವ್ರು ಎಡಚರು" ಎಂದರು. ಕಣ್ಣೀರು ಕೆನ್ನೆಗೆ ಬಂದಿತ್ತು, ಒರೆಸಿಕೊಳ್ಳಲಿಲ್ಲ. "ಮುಂದೆ?"

"ಮುಂದೆ ಹೀಗೆ ಕತ್ತು ಹೊರಳಿಸ್ತಾರೆ. ಕ್ಯಾಮೆರಾ ನೋಡ್ತಾರೆ. ನೋಡಬಾರದು ಅಂತ ಹೇಳಿರ್ತಾರೆ, ಆದರೂ ನೋಡ್ತಾರೆ."

"ಕ್ಯಾಮೆರಾ ನೋಡ್ಲಿಲ್ಲ ಅವ್ರು."

"ಇಲ್ಲ ಅತ್ತಿಗೆ, ಸೀದಾ..."

"ಕ್ಯಾಮೆರಾ ಪಕ್ಕದಲ್ಲಿ ನಾನು ನಿಂತಿದ್ದೆ" ಎಂದರು ಅತ್ತಿಗೆ. "ನಿಶ್ಚಿತಾರ್ಥ ಆಗಿ ಎಂಟು ದಿನ ಆಗಿತ್ತು. ಯಲಹಂಕದ ಚಿಕ್ಕಮ್ಮನ ಮನೇಲಿದ್ದೆ. ಯಾರಿಗೂ ಹೇಳ್ದೆ ಬಂದಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಜನದ ಮಧ್ಯೆ ನನ್ನ ನೋಡ್ಬಿಟ್ರು."

ಸೌಟು ನನ್ನ ಕೈಯಲ್ಲಿ ಹಾಗೇ ನಿಂತಿತು. ಆ ನಗುವನ್ನು ತಪ್ಪೆಂದು ತೆಗೆದವನು ನಾನು. ಈಗ ಅದನ್ನು ನಗಬೇಕಾದವನೂ ನಾನೇ. ಅತ್ತಿಗೆ ನಿಂತ ಕಡೆ ತಿರುಗಿ ನಕ್ಕೆ. ಅಳು, ಸುಸ್ತು, ನಾಚಿಕೆ ಎಲ್ಲ ಸೇರಿ ಅದೇನು ನಗುವಾಗಿತ್ತೋ! ಅತ್ತಿಗೆ ಮಾತ್ರ ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಆಮೇಲೆ ಅವರೂ ಸ್ವಲ್ಪ ನಕ್ಕರು.

ಇದೆಲ್ಲ ಆಗಿ ವರ್ಷಗಳಾದವು. ಟೆಲಿಗ್ರಾಂ ಬರೆದರೆ ನಾನು ಈಗ ಒಂದೆರಡು ಪದ ಹೆಚ್ಚಿಗೇ ಹಾಕುತ್ತೇನೆ. ಅತ್ತಿಗೆ ಹಬ್ಬಕ್ಕೆ ಬಂದಾಗಲೆಲ್ಲ ಊಟವಾದ ಮೇಲೆ ಜಯಾ ಒಳಗಿನಿಂದ ಸೌಟು ತಂದು ನನ್ನ ಎಡಗೈಗೆ ಕೊಡುತ್ತಾಳೆ. "ಬೇಗ ಮುಗಿಸ್ಬೇಡಿ" ಎಂದು ಎಚ್ಚರಿಸುತ್ತಾಳೆ. ನಾನು ಕೆರೆಯಿಂದ ಶುರು ಮಾಡುತ್ತೇನೆ. ಏರಿ, ಗಾಳಿ, ಕಂಬಳಿಯ ಅಂಚು, ಮೊದಲನೆಯವನು, ಎರಡನೆಯವನು, ಪಂಜಿನ ಹೊಗೆ, ಒಂದನ್ನೂ ಬಿಡುವುದಿಲ್ಲ. ಒಂಬತ್ತು ಸೆಕೆಂಡಿನದು ಈಗ ಮುಕ್ಕಾಲು ಗಂಟೆಯವರೆಗೆ ಬೆಳೆದಿದೆ. ಪಕ್ಕದ ಮನೆಯ ಅಂಗಳದಲ್ಲಿ ಗುರುಪಾದಪ್ಪನವರು ಆಕಳಿಸುವುದು ಕೇಳಿಸಿದರೂ ನಿಲ್ಲಿಸುವುದಿಲ್ಲ. ಕೊನೆಗೆ ಕತ್ತು ಹೊರಳಿಸಿ, ನಕ್ಕು, ಸೌಟು ಕೆಳಗಿಳಿಸುತ್ತೇನೆ.

ಅತ್ತಿಗೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಕೇಳುತ್ತಾರೆ.

"ಇಷ್ಟೇನಾ? ಇನ್ನೊಂಚೂರು ಉದ್ದ ಇರಬಾರದಿತ್ತಾ?"